ಮೆಹ್ಲಿ ಮೆಹ್ತಾ: ಯುವ ಆರ್ಕೆಸ್ಟ್ರಾಗೆ ಕೊಟ್ಟ 33 ವರ್ಷ

ತಂತಿವಾದ್ಯ:

ಆರ್ಕೆಸ್ಟ್ರಾದ ಎದುರು ನಿಂತು ಅದನ್ನು ನಡೆಸುವ ಕಂಡಕ್ಟರ್ ಜುಬಿನ್ ಮೆಹ್ತಾ ಹೆಸರು ಕೇಳದವರು ಈ ಗುಂಪಿನಲ್ಲಿ ಇರಲಿಕ್ಕಿಲ್ಲ. ಅವರ ಅಪ್ಪ ಮೆಹ್ಲಿ ಮೆಹ್ತಾ ಬಗ್ಗೆ ಮಾತ್ರ ಯಾರೂ ಜಾಸ್ತಿ ಮಾತಾಡುವುದಿಲ್ಲ. ಮಾತಾಡಿದರೂ "ಜುಬಿನ್ ಅವರ ತಂದೆ, ವಯಲಿನ್ ನುಡಿಸುತ್ತಿದ್ದರು" ಅನ್ನುವಲ್ಲಿಗೆ ಮುಗಿಯುತ್ತದೆ. ಅದು ಸಾಲದು ಅಂತ ನನಗೆ ಬಹಳ ದಿನದಿಂದ ಅನ್ನಿಸುತ್ತಿದೆ. ಹಾಗಾಗಿ ಈ ಚರ್ಚೆ ಶುರು ಮಾಡುತ್ತಿದ್ದೇನೆ.

ಮೆಹ್ಲಿ ಹುಟ್ಟಿದ್ದು 1908ರಲ್ಲಿ, ಮುಂಬೈನ ಪಾರ್ಸಿ ಮನೆತನದಲ್ಲಿ. ಆಗಿನ ಮುಂಬೈನಲ್ಲಿ ಪಾಶ್ಚಾತ್ಯ ಸಂಗೀತವನ್ನು ಪೂರ್ತಿ ಕಲಿಯಲು ದಾರಿಯೇ ಇರಲಿಲ್ಲ. ಅವರು ಹೆಚ್ಚುಕಡಿಮೆ ಸ್ವಂತವಾಗಿಯೇ ವಯಲಿನ್ ಕಲಿತರು. ಹೆಸರಾಂತ ವಯಲಿನ್ ವಾದಕ ಯಾಶಾ ಹೈಫೆಟ್ಸ್ ಅವರ ನುಡಿಸಾಣಿಕೆ ಅವರಿಗೆ ದೊಡ್ಡ ಪ್ರೇರಣೆ. 1935ರಲ್ಲಿ ಬಾಂಬೆ ಸಿಂಫನಿ ಆರ್ಕೆಸ್ಟ್ರಾ ಕಟ್ಟಿದರು. ಅದರಲ್ಲಿ ಗೋವಾದ ಕಲಾವಿದರಿದ್ದರು, ನೌಕಾಪಡೆಯ ಬ್ಯಾಂಡಿನವರಿದ್ದರು, ಹವ್ಯಾಸಕ್ಕೆ ನುಡಿಸುವ ಪಾರ್ಸಿಗಳಿದ್ದರು, ಯುರೋಪಿನಿಂದ ತಪ್ಪಿಸಿಕೊಂಡು ಬಂದ ಯಹೂದಿಗಳಿದ್ದರು. ದಿನವಿಡೀ ಬೇರೆ ಕೆಲಸ ಮಾಡಿ ಸಂಜೆ ವಾದ್ಯ ಹಿಡಿಯುವ ಜನ. ಅವರನ್ನು ಕೂರಿಸಿಕೊಂಡು ಬೀಥೋವನ್ ನುಡಿಸಬೇಕಿತ್ತು. ಸಮವಾಗಿ ಕಲಿತಿರದ ಕೈಗಳಿಂದ ಒಂದೇ ದನಿ ಬರಿಸುವ ಕೆಲಸ ಅವರಿಗೆ ಅಭ್ಯಾಸವಾಗಿದ್ದು ಇಲ್ಲೇ ಅಂತ ನನ್ನ ಲೆಕ್ಕಾಚಾರ. ಮುಂದೆ ಹುಡುಗರನ್ನು ತಯಾರು ಮಾಡುವಾಗ ಬೇಕಾಗಿದ್ದೂ ಅದೇ ತಾನೇ.

1945ರಲ್ಲಿ ಹೆಂಡತಿ ಮಕ್ಕಳನ್ನು ಮುಂಬೈನಲ್ಲಿ ಬಿಟ್ಟು ನ್ಯೂಯಾರ್ಕ್‌ಗೆ ಹೋದರು. ಇವಾನ್ ಗಲಾಮಿಯನ್ ಅವರ ಬಳಿ ವಯಲಿನ್ ಕಲಿಯಲು. ಮುಂದೆ ಇಟ್ಝಾಕ್ ಪರ್ಲ್‌ಮನ್‌ರಂಥವರನ್ನು ಬೆಳೆಸಿದ ಗುರು ಆತ. ಮೆಹ್ಲಿ ಅವರಿಗೆ ಆಗ 37 ವರ್ಷ. ತನ್ನದೇ ಆರ್ಕೆಸ್ಟ್ರಾದ ಮುಂದೆ ನಿಂತು ಅಭ್ಯಾಸವಾದವರು ಮತ್ತೆ ವಿದ್ಯಾರ್ಥಿಯಾಗಿ ಕುಳಿತರು.

ವಾಪಸ್ ಬಂದು ಕೆಲವು ವರ್ಷ ಮುಂಬೈನಲ್ಲಿ ಕೆಲಸ ಮಾಡಿದರು. 1955ರಲ್ಲಿ ಇಂಗ್ಲೆಂಡಿನ ಮ್ಯಾಂಚೆಸ್ಟರ್‌ಗೆ ಹೋಗಿ, ಜಾನ್ ಬಾರ್ಬಿರೋಲಿ ಅವರ ಹಾಲೆ ಆರ್ಕೆಸ್ಟ್ರಾದಲ್ಲಿ ವಯಲಿನ್ ನುಡಿಸಿದರು. 1959ರಲ್ಲಿ ಫಿಲಡೆಲ್ಫಿಯಾಕ್ಕೆ ಹೋಗಿ ಕರ್ಟಿಸ್ ಸ್ಟ್ರಿಂಗ್ ಕ್ವಾರ್ಟೆಟ್ ಅನ್ನುವ ನಾಲ್ವರ ತಂತಿವಾದ್ಯ ತಂಡ ಸೇರಿದರು. 1964ರಲ್ಲಿ ಲಾಸ್ ಏಂಜಲೀಸ್. ಅಲ್ಲಿನ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿ ಆರ್ಕೆಸ್ಟ್ರಾ ವಿಭಾಗ ನೋಡಿಕೊಳ್ಳುವ ಕೆಲಸ ಸಿಕ್ಕಿತು. ಅದೇ ವರ್ಷ ಅಮೆರಿಕನ್ ಯೂತ್ ಸಿಂಫನಿ ಶುರು ಮಾಡಿದರು.

ವಯಸ್ಸು ಗಮನಿಸಿ. 55 ದಾಟಿದೆ. ನಮ್ಮ ಕಡೆ ನಿವೃತ್ತಿಯ ಮಾತು ಶುರುವಾಗುವ ವಯಸ್ಸು. ಅಲ್ಲಿಂದ 33 ವರ್ಷ ಅದೇ ಯುವ ಆರ್ಕೆಸ್ಟ್ರಾ ನಡೆಸಿದರು! 1998ರಲ್ಲಿ ಬೇಟನ್ (ಕಂಡಕ್ಟರ್ ಕೈಯ ಕೋಲು) ಕೆಳಗಿಟ್ಟಾಗ ತೊಂಬತ್ತರ ಹತ್ತಿರ. ವಿಶ್ವವಿದ್ಯಾಲಯದ ಕೆಲಸ 1976ಕ್ಕೇ ಮುಗಿದಿತ್ತು, ಇದು ಮಾತ್ರ ಮುಂದುವರಿಯಿತು. 2002ರಲ್ಲಿ ತೀರಿಕೊಂಡರು.

ಈ ಆರ್ಕೆಸ್ಟ್ರಾ ಸೇರುವ ಹುಡುಗ ಹುಡುಗಿಯರು ದುಡ್ಡು ಕೊಡಬೇಕಿರಲಿಲ್ಲ. ಆಡಿಷನ್‌ನಲ್ಲಿ ಗೆದ್ದರೆ ಸಾಕು. ವಿಶ್ವವಿದ್ಯಾಲಯದ ರಾಯ್ಸ್ ಹಾಲ್‌ನಲ್ಲಿ ನಡೆಯುತ್ತಿದ್ದ ಕಛೇರಿಗಳಿಗೂ ಜನರನ್ನು ಉಚಿತವಾಗಿ ಬಿಡುತ್ತಿದ್ದರು. ಅಲ್ಲಿ ಪಳಗಿದವರು ಮುಂದೆ ಲಾಸ್ ಏಂಜಲೀಸ್ ಫಿಲ್ಹಾರ್ಮೋನಿಕ್‌ಗೆ, ಅಮೆರಿಕದ ಬೇರೆ ದೊಡ್ಡ ಆರ್ಕೆಸ್ಟ್ರಾಗಳಿಗೆ, ಹಾಲಿವುಡ್ ಸ್ಟುಡಿಯೋಗಳಿಗೆ ಹೋದರು. ನಾವು ಸಿನಿಮಾದಲ್ಲಿ ಕೇಳುವ ಹಿನ್ನೆಲೆ ಸಂಗೀತದಲ್ಲಿ ಮೆಹ್ಲಿ ಶಿಷ್ಯರ ಬಿಲ್ಲು ಇರುತ್ತದೆ, ಅವರ ಹೆಸರು ಮಾತ್ರ ತೆರೆಯ ಮೇಲೆ ಬರುವುದಿಲ್ಲ.

ಯುವ ಆರ್ಕೆಸ್ಟ್ರಾವನ್ನು ಮೆಟ್ಟಿಲು ಅಂತ ನೋಡುವವರೇ ಹೆಚ್ಚು. ಮೊದಲು ಮಕ್ಕಳ ಜೊತೆ, ಆಮೇಲೆ ದೊಡ್ಡವರ ಜೊತೆ. ಮೆಹ್ಲಿ ಉಲ್ಟಾ ದಿಕ್ಕಿನಲ್ಲಿ ನಡೆದರು. ವೃತ್ತಿಪರರ ಜೊತೆ ಕೂತು ನುಡಿಸಿ, ಆ ಎಲ್ಲ ತಿಳಿವಳಿಕೆ ಹೊತ್ತುಕೊಂಡು ಹುಡುಗರ ಬಳಿ ಬಂದರು, ಅಲ್ಲೇ ಉಳಿದರು. ಯುವ ಆರ್ಕೆಸ್ಟ್ರಾ ನಡೆಸುವುದೇ ಒಂದು ಪೂರ್ಣ ವೃತ್ತಿ ಅನ್ನುವುದಕ್ಕೆ ನನಗೆ ಇದಕ್ಕಿಂತ ಒಳ್ಳೆಯ ಉದಾಹರಣೆ ಗೊತ್ತಿಲ್ಲ. ನಿಮ್ಮ ಅಭಿಪ್ರಾಯ ಹೇಳಿ.

ಕೊಡಿಯಾಲಬೈಲ್:

ಬರಹ ಚೆನ್ನಾಗಿ ಉಂಟು ಮಾರಾಯ್ರೆ. ಆದರೆ ಒಂದು ಪ್ರಶ್ನೆ ಕೇಳಲೇಬೇಕು. 1962ರಿಂದಲೇ ಲಾಸ್ ಏಂಜಲೀಸ್ ಫಿಲ್ಹಾರ್ಮೋನಿಕ್‌ನ ಸಂಗೀತ ನಿರ್ದೇಶಕ, ಅಂದರೆ ಮುಖ್ಯ ಕಂಡಕ್ಟರ್, ಯಾರು? ಜುಬಿನ್. ಮಗ ಅದೇ ಊರಿನಲ್ಲಿ ಅಷ್ಟು ದೊಡ್ಡ ಜಾಗದಲ್ಲಿರುವಾಗ ಅಪ್ಪನಿಗೆ ಬಾಗಿಲು ತೆರೆಯುವುದು ಸುಲಭ ಅಲ್ವಾ? ಬೇರೆ ಯಾರೋ ಐವತ್ತೈದರ ವಲಸಿಗ ಬಂದು "ನಾನು ಯುವ ಆರ್ಕೆಸ್ಟ್ರಾ ಮಾಡುತ್ತೇನೆ" ಅಂದಿದ್ದರೆ ಯಾರು ಕೇಳುತ್ತಿದ್ದರು?

ತಂತಿವಾದ್ಯ:

ನಿಮ್ಮ ಪ್ರಶ್ನೆ ನ್ಯಾಯವಾದದ್ದು. ಮೊದಲ ಬಾಗಿಲು ತೆರೆಯಲು ಮಗನ ಹೆಸರು ಖಂಡಿತ ನೆರವಾಗಿರುತ್ತದೆ. ದಾನಿಗಳು ಆ ಹೆಸರು ಕೇಳಿಯೇ ಬಂದಿರುತ್ತಾರೆ.

ಆದರೆ ಎರಡು ವಿಷಯ. ಮೊದಲನೆಯದು, ಜುಬಿನ್ 1978ರಲ್ಲಿ ಲಾಸ್ ಏಂಜಲೀಸ್ ಬಿಟ್ಟು ನ್ಯೂಯಾರ್ಕ್ ಫಿಲ್ಹಾರ್ಮೋನಿಕ್‌ಗೆ ಹೋದರು. ಅಪ್ಪ ಹೋಗಲಿಲ್ಲ. ಮಗ ಊರು ಬಿಟ್ಟ ಮೇಲೂ ಇಪ್ಪತ್ತು ವರ್ಷ ಅದೇ ಹುಡುಗರ ಮುಂದೆ ನಿಂತರು. ಎರಡನೆಯದು, ಶಿಫಾರಸಿನಿಂದ ಕುರ್ಚಿ ಸಿಗುತ್ತದೆ, ಆದರೆ ಇಪ್ಪತ್ತರ ಹುಡುಗರು ಸುಮ್ನೆ ಕೂತು ಕೇಳುವುದಿಲ್ಲ. ಎದುರಿಗೆ ನಿಂತವರಿಗೆ ಕೆಲಸ ಗೊತ್ತಿದೆಯೋ ಇಲ್ಲವೋ ಅಂತ ಅವರಿಗೆ ಮೊದಲ ರಿಹರ್ಸಲ್‌ನಲ್ಲೇ ತಿಳಿದುಬಿಡುತ್ತದೆ.

ಇನ್ನೊಂದು ಕಡೆಯಿಂದಲೂ ನೋಡಿ. ಜುಬಿನ್ ಯಾರಿಂದ ಕಲಿತರು? ಮನೆಯಲ್ಲಿ ಅಪ್ಪನ ಆರ್ಕೆಸ್ಟ್ರಾದ ರಿಹರ್ಸಲ್ ಕೇಳುತ್ತಾ ಬೆಳೆದವರು. ಹದಿಹರೆಯದಲ್ಲೇ ಅಪ್ಪನಿಗೆ ರಿಹರ್ಸಲ್‌ನಲ್ಲಿ ನೆರವಾಗುತ್ತಿದ್ದರು. ಮೆಡಿಕಲ್ ಓದು ಬಿಟ್ಟು 1954ರಲ್ಲಿ ವಿಯೆನ್ನಾಕ್ಕೆ ಹೋಗಿ ಕಂಡಕ್ಟಿಂಗ್ ಗುರು ಹಾನ್ಸ್ ಸ್ವಾರೋವ್ಸ್ಕಿ ಅವರ ಶಿಷ್ಯರಾದರು. ಎರಡನೇ ಮಗ ಜರೀನ್ ಲೆಕ್ಕಪತ್ರ ಓದಿದವರು, ಮುಂದೆ ನ್ಯೂಯಾರ್ಕ್ ಫಿಲ್ಹಾರ್ಮೋನಿಕ್‌ನ ಆಡಳಿತವನ್ನೇ ನೋಡಿಕೊಂಡರು. ಮೆಹ್ಲಿ ಯುವಕರನ್ನು ತಯಾರು ಮಾಡುವುದು ಮನೆಯಿಂದಲೇ ಶುರುವಾಗಿತ್ತು.

ಫ್ರೀಮಾಂಟ್ ಅಮ್ಮ:

ನಮಸ್ಕಾರ. ನಾನು ಹಾಸನದವಳು, ಈಗ ಕ್ಯಾಲಿಫೋರ್ನಿಯಾದ ಬೇ ಏರಿಯಾದಲ್ಲಿದ್ದೇನೆ. ಮಗಳು ವಿಯೋಲಾ (ವಯಲಿನ್‌ಗಿಂತ ಸ್ವಲ್ಪ ದೊಡ್ಡ ವಾದ್ಯ) ನುಡಿಸುತ್ತಾಳೆ. ಯುವ ಆರ್ಕೆಸ್ಟ್ರಾ ಹೊರಗಿನಿಂದ ನೋಡಿದರೆ ವರ್ಷಕ್ಕೆ ಮೂರು ನಾಲ್ಕು ಕಛೇರಿ ಅಷ್ಟೇ. ಒಳಗಿನಿಂದ ನೋಡಿದರೆ ಕಂಡಕ್ಟರ್ ಪಾಡು ಬೇರೆಯೇ.

ವರ್ಷ ಶುರುವಾಗುವುದು ಆಡಿಷನ್‌ನಿಂದ. ಪ್ರತಿ ವಾದ್ಯಕ್ಕೆ ಎಷ್ಟು ಮಕ್ಕಳು ಸಿಗುತ್ತಾರೆ ಅನ್ನುವುದು ಕಂಡಕ್ಟರ್ ಕೈಯಲ್ಲಿ ಇರುವುದಿಲ್ಲ. ನಮ್ಮ ಕಡೆ ವಯಲಿನ್ ಮಕ್ಕಳು ರಾಶಿ ರಾಶಿ. ಬಾಸೂನ್, ಫ್ರೆಂಚ್ ಹಾರ್ನ್, ಡಬಲ್ ಬಾಸ್ ಹುಡುಕಿಕೊಂಡು ಹೋಗಬೇಕು. ಈ ವರ್ಷ ಗಟ್ಟಿ ಓಬೋ ಹುಡುಗಿ ಇದ್ದರೆ ಬ್ರಾಮ್ಸ್ ವಯಲಿನ್ ಕಂಚೆರ್ಟೊ (ಒಂದು ವಾದ್ಯ ಮುಂದಾಗಿ ಆರ್ಕೆಸ್ಟ್ರಾ ಜೊತೆ ನುಡಿಸುವ ಕೃತಿ) ಹಾಕಬಹುದು, ಅದರ ಎರಡನೇ ಭಾಗ ಶುರುವಾಗುವುದೇ ಓಬೋದಿಂದ. ಅವಳು ಕಾಲೇಜಿಗೆ ಹೋದರೆ ಮುಂದಿನ ವರ್ಷ ಆ ಯೋಚನೆಯನ್ನೇ ಬಿಡಬೇಕು. ಇರುವ ಮಕ್ಕಳನ್ನು ನೋಡಿಕೊಂಡು ಕೃತಿ ಆರಿಸಬೇಕು.

ಆಮೇಲೆ ಕುರ್ಚಿ ಹಂಚುವ ತಲೆನೋವು. ಮೊದಲ ಸಾಲಿನಲ್ಲಿ ಯಾರು, ಕೊನೇ ಸಾಲಿನಲ್ಲಿ ಯಾರು. ಹಿಂದೆ ಕೂತ ಮಕ್ಕಳ ಅಪ್ಪ ಅಮ್ಮಂದಿರ ಈಮೇಲ್‌ಗಳಿಗೆ ಉತ್ತರ ಬರೆಯಬೇಕು. ಬಿಲ್ಲು ಮೇಲೆ ಹೋಗಬೇಕೋ ಕೆಳಗೆ ಬರಬೇಕೋ ಅಂತ ಎಲ್ಲ ತಂತಿವಾದ್ಯಗಳ ಹಾಳೆಗಳಲ್ಲಿ ಗುರುತು ಹಾಕಬೇಕು. ಒಂದೊಂದು ವಾದ್ಯದವರನ್ನು ಬೇರೆ ಕೂರಿಸಿ ತಾಲೀಮು ಕೊಡಿಸಲು ಬೇರೆ ಬೇರೆ ಮೇಷ್ಟ್ರನ್ನು ಹುಡುಕಬೇಕು. ದಾನಿಗಳನ್ನು ಮಾತಾಡಿಸಬೇಕು. ಇಷ್ಟಾದ ಮೇಲೆ ಉಳಿದ ಸಮಯದಲ್ಲಿ ಸಂಗೀತ.

ಹೆಚ್ಚಿನ ಕಡೆ ಇದು ಪೂರ್ಣಾವಧಿ ಕೆಲಸವೂ ಅಲ್ಲ. ವಾರವಿಡೀ ಶಾಲೆಯಲ್ಲೋ ಕಾಲೇಜಿನಲ್ಲೋ ಪಾಠ ಹೇಳಿ, ವಾರಾಂತ್ಯದಲ್ಲಿ ಇಲ್ಲಿ ಬಂದು ನಿಲ್ಲುತ್ತಾರೆ. ಮಗಳು ಮೊದಲು ಇದ್ದ ಆರ್ಕೆಸ್ಟ್ರಾ, ಹೆಸರು ಬೇಡ, ಅಲ್ಲಿ ಕಂಡಕ್ಟರ್‌ಗಳು ಬರುತ್ತಿದ್ದರು, ಹೋಗುತ್ತಿದ್ದರು. ಒಬ್ಬರ ಕೈಸನ್ನೆ ಮಕ್ಕಳಿಗೆ ಅರ್ಥವಾಗುವ ಹೊತ್ತಿಗೆ ಅವರಿಗೆ ಬೇರೆ ಊರಿನಲ್ಲಿ ಒಳ್ಳೆಯ ಕೆಲಸ ಸಿಕ್ಕಿರುತ್ತಿತ್ತು. ಅವರನ್ನು ದೂರಲಾರೆ, ಅವರಿಗೂ ಸಂಸಾರ ಇದೆ. ಆದರೆ ಅದರ ಪೆಟ್ಟು ಬಿದ್ದದ್ದು ಮಕ್ಕಳಿಗೆ. ಅದಕ್ಕೇ ಮೂವತ್ತಮೂರು ವರ್ಷ ಅನ್ನುವ ಸಂಖ್ಯೆ ಓದಿ ನಾನು ಸ್ವಲ್ಪ ಹೊತ್ತು ಅಲ್ಲೇ ನಿಂತುಬಿಟ್ಟೆ.

ಹುಬ್ಬಳ್ಳಿ ಚೆಲ್ಲೊ:

ಅಕ್ಕಾರ, ನೀವು ಹೇಳಿದ್ದು ಕೇಳಿ ನಮ್ಮ ಹೈಸ್ಕೂಲಿನ ಕಬಡ್ಡಿ ಟೀಮ್ ನೆನಪಾಯಿತು. ಹತ್ತನೇ ಕ್ಲಾಸ್ ಮುಗಿದ ಕೂಡಲೇ ಒಳ್ಳೆ ಆಟಗಾರರೆಲ್ಲ ಹೋಗಿಬಿಡುತ್ತಾರೆ. ಪಿಟಿ ಮೇಷ್ಟ್ರು ಜೂನ್‌ನಲ್ಲಿ ಮತ್ತೆ ಎಂಟನೇ ಕ್ಲಾಸಿನ ಹುಡುಗರಿಂದ ಶುರು ಮಾಡಬೇಕು. ಯುವ ಆರ್ಕೆಸ್ಟ್ರಾದ ಕಂಡಕ್ಟರ್ ಪರಿಸ್ಥಿತಿ ಹಾಗೇ ಅಲ್ಲೇನ್ರಿ?

ಇದಕ್ಕೆ ತದ್ವಿರುದ್ಧ ಉದಾಹರಣೆ ವೆನೆಜುವೆಲಾದ್ದು. ಅದನ್ನು ಬಿಟ್ಟು ಈ ಚರ್ಚೆ ಪೂರ್ತಿ ಆಗುವುದಿಲ್ಲ. 1975ರಲ್ಲಿ ಹೋಸೆ ಅಂತೋನಿಯೋ ಅಬ್ರೆಯು ಅನ್ನುವ ಅರ್ಥಶಾಸ್ತ್ರಜ್ಞ, ಸಂಗೀತಗಾರ, ಕರಾಕಸ್‌ನ ಒಂದು ಗ್ಯಾರೇಜಿನಲ್ಲಿ ಹನ್ನೊಂದು ಜನರೊಂದಿಗೆ ಶುರು ಮಾಡಿದರು. ಅದೇ ಎಲ್ ಸಿಸ್ತೆಮಾ ಅಂತ ದೇಶವಿಡೀ ಬೆಳೆಯಿತು. ಆರ್ಕೆಸ್ಟ್ರಾ ಸಮಾಜ ಸೇವೆಯ ಕೆಲಸ, ಬಡ ಮಕ್ಕಳಿಗೆ ವಾದ್ಯವೂ ಪಾಠವೂ ಪುಕ್ಕಟೆ ಸಿಗಬೇಕು ಅನ್ನುವುದು ಅವರ ವಾದ. ಸರ್ಕಾರಗಳು ಬದಲಾದವು, ಅಬ್ರೆಯು ಎಲ್ಲರಿಂದಲೂ ದುಡ್ಡು ತಂದರು.

ಅಲ್ಲಿಂದ ಬಂದವರು ಗುಸ್ತಾವೋ ದುದಮೆಲ್. 1981ರಲ್ಲಿ ಬಾರ್ಕಿಸಿಮೆತೊದಲ್ಲಿ ಹುಟ್ಟಿದವರು. ಅಪ್ಪ ಸಾಲ್ಸಾ ತಂಡಗಳಲ್ಲಿ ಟ್ರೊಂಬೋನ್ ನುಡಿಸುತ್ತಿದ್ದರು. ಹುಡುಗನಿಗೂ ಟ್ರೊಂಬೋನ್ ಮೇಲೇ ಆಸೆ, ಆದರೆ ಕೈ ಅಷ್ಟು ಉದ್ದ ಇರಲಿಲ್ಲ. ವಯಲಿನ್ ಹಿಡಿದ. ಮನೆಯಲ್ಲಿ ಗೊಂಬೆಗಳನ್ನು ಆರ್ಕೆಸ್ಟ್ರಾ ಹಾಗೆ ಜೋಡಿಸಿ ರೆಕಾರ್ಡ್ ಹಾಕಿ ಕಂಡಕ್ಟ್ ಮಾಡುತ್ತಿದ್ದ. 1999ರಲ್ಲಿ, 18ನೇ ವಯಸ್ಸಿಗೆ, ಸಿಮೋನ್ ಬೊಲಿವಾರ್ ಯುವ ಆರ್ಕೆಸ್ಟ್ರಾದ ಸಂಗೀತ ನಿರ್ದೇಶಕ. 2004ರಲ್ಲಿ ಜರ್ಮನಿಯ ಬಾಂಬರ್ಗ್‌ನಲ್ಲಿ ಮೊದಲ ಮಾಹ್ಲರ್ ಕಂಡಕ್ಟಿಂಗ್ ಸ್ಪರ್ಧೆ ಗೆದ್ದರು. ತೀರ್ಪುಗಾರರಲ್ಲಿ ಒಬ್ಬರು ಎಸಾ-ಪೆಕ್ಕಾ ಸಲೊನೆನ್, ಆಗ ಲಾಸ್ ಏಂಜಲೀಸ್ ಫಿಲ್ಹಾರ್ಮೋನಿಕ್‌ನ ಮುಖ್ಯಸ್ಥರು. 2009ರಲ್ಲಿ ಅವರ ಕುರ್ಚಿಗೆ ಬಂದವರು ಇದೇ ದುದಮೆಲ್, 28ನೇ ವಯಸ್ಸಿಗೆ.

2007ರ ಆಗಸ್ಟ್‌ನಲ್ಲಿ ಲಂಡನ್ನಿನ ಪ್ರಾಮ್ಸ್ ಸಂಗೀತೋತ್ಸವದಲ್ಲಿ ಈ ಹುಡುಗರು ಶೊಸ್ತಕೋವಿಚ್‌ನ ಹತ್ತನೇ ಸಿಂಫನಿ ನುಡಿಸಿ, ಕೊನೆಗೆ ದೇಶದ ಬಾವುಟದ ಬಣ್ಣದ ಜಾಕೆಟ್ ಹಾಕಿಕೊಂಡು ಮಾಂಬೊ ಅನ್ನುವ ಕುಣಿತದ ಕೃತಿ ನುಡಿಸಿದ ವಿಡಿಯೋ ನೋಡಿ. ಚೆಲ್ಲೊ ಗಿರ್ರನೆ ತಿರುಗಿಸುತ್ತಾರೆ! ನಾನು ಚೆಲ್ಲೊ ಕಲಿಯಲು ಶುರು ಮಾಡಿದ್ದೇ ಅದನ್ನು ನೋಡಿ.

ವ್ಯತ್ಯಾಸ ಇರುವುದು ಇಲ್ಲಿ. ಲಾಸ್ ಏಂಜಲೀಸ್‌ನಲ್ಲಿ ಮೆಹ್ಲಿ ಹುಡುಗರು ಬರುತ್ತಿದ್ದರು, ಹೋಗುತ್ತಿದ್ದರು. ಕರಾಕಸ್‌ನಲ್ಲಿ ಅದೇ ಹುಡುಗರು ದುದಮೆಲ್ ಜೊತೆಗೇ ಬೆಳೆದು ದೊಡ್ಡವರಾದರು. ಎಷ್ಟರಮಟ್ಟಿಗೆ ಅಂದರೆ 2011ರಲ್ಲಿ ಆರ್ಕೆಸ್ಟ್ರಾ ಹೆಸರಿನಿಂದ "ಯುವ" ಅನ್ನುವುದನ್ನೇ ತೆಗೆದರು. ಒಂದೇ ತಂಡದ ಜೊತೆ ಹದಿನೆಂಟರಿಂದ ನುಡಿಸುತ್ತಾ ಬಂದರೆ ಆ ಕಂಡಕ್ಟರ್‌ಗೂ ತಂಡಕ್ಕೂ ಮಾತೇ ಬೇಕಿಲ್ಲ. ಆ ಬೆಸುಗೆ ಮೆಹ್ಲಿ ಅವರಿಗೆ ಸಿಗಲು ಸಾಧ್ಯವೇ ಇರಲಿಲ್ಲ.

ಜಯನಗರ ನಾಲ್ಕನೇ ಬ್ಲಾಕ್:

ಎಲ್ ಸಿಸ್ತೆಮಾ ಬಗ್ಗೆ ಬರೆಯುವಾಗ ಇನ್ನೊಂದು ಮುಖವನ್ನೂ ಬರೆಯಬೇಕು ಸಾರ್. ಜೆಫ್ರಿ ಬೇಕರ್ ಅನ್ನುವ ಬ್ರಿಟಿಷ್ ಸಂಗೀತ ವಿದ್ವಾಂಸರು ಅಲ್ಲೇ ಇದ್ದು ಅಧ್ಯಯನ ಮಾಡಿ 2014ರಲ್ಲಿ ಗಟ್ಟಿಯಾದ ಟೀಕೆ ಬರೆದರು. ಎಲ್ಲ ಅಧಿಕಾರ ಮೇಲಿನವರ ಕೈಯಲ್ಲಿ, ಮಕ್ಕಳ ಮಾತಿಗೆ ಬೆಲೆ ಕಡಿಮೆ, ಬಡತನದಿಂದ ಮೇಲೆತ್ತುತ್ತದೆ ಅನ್ನುವ ದೊಡ್ಡ ಮಾತಿಗೆ ಆಧಾರ ಸಾಲದು ಅನ್ನುವುದು ಅವರ ವಾದ. ಅದಕ್ಕೆ ಎದುರು ವಾದ ಮಾಡಿದವರೂ ಇದ್ದಾರೆ.

ಸರ್ಕಾರದ ದುಡ್ಡು ತೆಗೆದುಕೊಂಡರೆ ಅದರ ಬೆಲೆಯೂ ಕಟ್ಟಬೇಕಾಗುತ್ತದೆ. 2017ರ ಮೇ ತಿಂಗಳಲ್ಲಿ ಸರ್ಕಾರದ ವಿರುದ್ಧದ ಪ್ರತಿಭಟನೆಯಲ್ಲಿ ಅರ್ಮಾಂದೊ ಕನ್ಯಿಸಾಲೆಸ್ ಅನ್ನುವ 18ರ ಹುಡುಗ ಸತ್ತ. ಎಲ್ ಸಿಸ್ತೆಮಾದಲ್ಲಿ ವಿಯೋಲಾ ನುಡಿಸುತ್ತಿದ್ದವನು. ಅಲ್ಲಿಯವರೆಗೆ ರಾಜಕೀಯದಿಂದ ದೂರ ಇದ್ದ ದುದಮೆಲ್ ಆಗ ಬಹಿರಂಗವಾಗಿ ಮಾತಾಡಿದರು. ಕೆಲವೇ ತಿಂಗಳಲ್ಲಿ ವೆನೆಜುವೆಲಾದ ರಾಷ್ಟ್ರೀಯ ಯುವ ಆರ್ಕೆಸ್ಟ್ರಾ ಜೊತೆ ಅವರು ಹೋಗಬೇಕಿದ್ದ ಅಮೆರಿಕ ಪ್ರವಾಸ ರದ್ದಾಯಿತು. ತಿಂಗಳುಗಟ್ಟಲೆ ತಾಲೀಮು ಮಾಡಿದ ಮಕ್ಕಳ ಕಥೆ ಏನು? ನನಗೆ ಇವತ್ತಿಗೂ ಸಿಟ್ಟು ಬರುವ ವಿಷಯ ಇದು.

ಹುಬ್ಬಳ್ಳಿ ಚೆಲ್ಲೊ:

ಟೀಕೆ ಒಪ್ಪುತ್ತೇನೆ, ಓದಲೇಬೇಕಾದ ಟೀಕೆ. ಅದರ ಜೊತೆಗೆ ಅಲ್ಲಿಂದ ಹೊರಟವರನ್ನೂ ನೋಡೋಣ. ಎದಿಕ್ಸನ್ ರುಯಿಸ್ 17ನೇ ವಯಸ್ಸಿಗೆ ಬರ್ಲಿನ್ ಫಿಲ್ಹಾರ್ಮೋನಿಕ್‌ಗೆ ಡಬಲ್ ಬಾಸ್ ನುಡಿಸಲು ಆಯ್ಕೆಯಾದರು. ರಫಾಯೆಲ್ ಪಯಾರೆ ಬೊಲಿವಾರ್ ಆರ್ಕೆಸ್ಟ್ರಾದಲ್ಲಿ ಫ್ರೆಂಚ್ ಹಾರ್ನ್ ನುಡಿಸುತ್ತಿದ್ದವರು, ಕಂಡಕ್ಟರ್ ಆಗಿ 2019ರಲ್ಲಿ ಸ್ಯಾನ್ ಡಿಯಾಗೊ ಸಿಂಫನಿಗೆ, 2022ರಲ್ಲಿ ಮಾಂಟ್ರಿಯಲ್‌ಗೆ ಹೋದರು. ದೊಮಿಂಗೊ ಹಿಂದೋಯಾನ್ ಲಿವರ್‌ಪೂಲ್‌ನಲ್ಲಿದ್ದಾರೆ.

ಲಾಸ್ ಏಂಜಲೀಸ್‌ಗೂ ದುದಮೆಲ್ ಬರಿಗೈಯಲ್ಲಿ ಹೋಗಲಿಲ್ಲ. ಎಲ್ ಸಿಸ್ತೆಮಾ ಮಾದರಿಯಲ್ಲಿ 2007ರಲ್ಲೇ ಅಲ್ಲಿ ಯೋಲಾ ಅನ್ನುವ ಯುವ ಆರ್ಕೆಸ್ಟ್ರಾ ಶುರುವಾಯಿತು. ವಾದ್ಯ ಪುಕ್ಕಟೆ, ಪಾಠ ಪುಕ್ಕಟೆ. 2021ರಲ್ಲಿ ಇಂಗಲ್‌ವುಡ್‌ನಲ್ಲಿ ಒಂದು ಹಳೆಯ ಬ್ಯಾಂಕ್ ಕಟ್ಟಡವನ್ನು ಫ್ರಾಂಕ್ ಗೆರಿ ಅವರಿಂದ ಹೊಸದಾಗಿ ರೂಪಿಸಿ ಆ ಮಕ್ಕಳಿಗೇ ಅಂತ ಮಾಡಿಕೊಟ್ಟರು. ಫಿಲ್ಹಾರ್ಮೋನಿಕ್ ನುಡಿಸುವ ಡಿಸ್ನಿ ಹಾಲ್ ಕಟ್ಟಿದ ವಾಸ್ತುಶಿಲ್ಪಿಯೇ ಮಕ್ಕಳ ತಾಲೀಮಿನ ಜಾಗವನ್ನೂ ಮಾಡಿದ್ದು ನನಗೆ ಬಹಳ ಖುಷಿ ಕೊಟ್ಟ ವಿಷಯ.

ಕೊಡಿಯಾಲಬೈಲ್:

ಒಂದು ಸಾಲು ನನ್ನದೂ ಇರಲಿ. ಜುಬಿನ್ ಲಾಸ್ ಏಂಜಲೀಸ್‌ನಿಂದ ನ್ಯೂಯಾರ್ಕ್ ಫಿಲ್ಹಾರ್ಮೋನಿಕ್‌ಗೆ ಹೋದವರು. ದುದಮೆಲ್ ಅವರದ್ದೂ ಅದೇ ದಾರಿ, ಅವರ ನ್ಯೂಯಾರ್ಕ್ ನೇಮಕ 2026ರಿಂದ.

ತಂತಿವಾದ್ಯರೇ, ನನ್ನ ಮೊದಲ ಪ್ರಶ್ನೆಗೆ ನೀವು ಕೊಟ್ಟ ಉತ್ತರ ಒಪ್ಪಿದೆ. ಮಗ ಊರು ಬಿಟ್ಟ ಮೇಲೂ ಇಪ್ಪತ್ತು ವರ್ಷ ಅನ್ನುವುದು ಸಣ್ಣ ವಿಷಯ ಅಲ್ಲ.

ಒಂಟಿಕೊಪ್ಪಲ್:

ದುಡ್ಡಿನ ಮಾತು ಬಂತಲ್ಲ, ಮೈಸೂರಿನವನಾಗಿ ಸುಮ್ಮನಿರಲಾರೆ. ಆರ್ಕೆಸ್ಟ್ರಾ ಅಂದರೆ ಯಾರೋ ಒಬ್ಬರು ದುಡ್ಡು ಹಾಕಲೇಬೇಕು. 1940ರ ದಶಕದ ಕೊನೆಯಲ್ಲಿ ನಮ್ಮ ಜಯಚಾಮರಾಜೇಂದ್ರ ಒಡೆಯರ್ ಲಂಡನ್ನಿನ ಫಿಲ್ಹಾರ್ಮೋನಿಯಾ ಆರ್ಕೆಸ್ಟ್ರಾಗೆ ಹಣ ಕೊಡುತ್ತಿದ್ದರು. ಲಂಡನ್ನಿನಲ್ಲಿ ಕಷ್ಟದಲ್ಲಿದ್ದ ರಷ್ಯಾದ ಸಂಗೀತ ರಚನಕಾರ ನಿಕೊಲಾಯ್ ಮೆಟ್ನರ್ ಅವರ ಸಂಗೀತ ರೆಕಾರ್ಡ್ ಆಗಿದ್ದು ಮಹಾರಾಜರ ನೆರವಿನಿಂದ. ಮೆಟ್ನರ್ ತಮ್ಮ ಮೂರನೇ ಪಿಯಾನೊ ಕಂಚೆರ್ಟೊವನ್ನು ಅವರಿಗೇ ಅರ್ಪಿಸಿದರು. ರಿಚರ್ಡ್ ಸ್ಟ್ರಾಸ್ ಅವರ ಕೊನೆಯ ನಾಲ್ಕು ಹಾಡುಗಳು 1950ರ ಮೇ 22ರಂದು ಲಂಡನ್ನಿನಲ್ಲಿ ಮೊದಲ ಸಲ ಕೇಳಿಬಂದದ್ದೂ ಅವರ ಬೆಂಬಲದಿಂದ.

ಆ ನೆರವು ಹೆಚ್ಚು ವರ್ಷ ನಡೆಯಲಿಲ್ಲ. ರಾಜರ ಕಾಲ ಮುಗಿಯಿತು. ನನಗೆ ಅನ್ನಿಸುವುದು ಇಷ್ಟು. ಒಬ್ಬರ ಮೇಲೆ ನಿಂತ ಆರ್ಕೆಸ್ಟ್ರಾ ಅವರು ಇರುವವರೆಗೆ ಮಾತ್ರ. ಮೆಹ್ಲಿ ಹೋದ ಮೇಲೆ ಅವರ ಯುವ ಆರ್ಕೆಸ್ಟ್ರಾ ಏನಾಯಿತು ಅಂತ ತಂತಿವಾದ್ಯ ಅವರು ಬರೆದಿಲ್ಲ.

ತಂತಿವಾದ್ಯ:

ಬರೆಯಬೇಕಿತ್ತು ಸಾರ್, ಈಗ ಬರೆಯುತ್ತೇನೆ.

1998ರಲ್ಲಿ ಅಲೆಕ್ಸಾಂಡರ್ ಟ್ರೆಗರ್ ಬಂದರು. ಲಾಸ್ ಏಂಜಲೀಸ್ ಫಿಲ್ಹಾರ್ಮೋನಿಕ್‌ನಲ್ಲಿ ವಯಲಿನ್ ನುಡಿಸುತ್ತಿದ್ದವರು. ಮೆಹ್ಲಿ ಹಾಗೇ ತಂತಿವಾದ್ಯದ ಒಳಗಿನಿಂದ ಬಂದ ಕಂಡಕ್ಟರ್. ಆಮೇಲೆ 2016ರಲ್ಲಿ ಕಾರ್ಲೋಸ್ ಇಸ್ಕರಾಯ್. ಇವರು ಯಾರು ಗೊತ್ತಾ? ವೆನೆಜುವೆಲಾದವರು, ಎಲ್ ಸಿಸ್ತೆಮಾದಲ್ಲಿ ಬೆಳೆದವರು. ಹುಬ್ಬಳ್ಳಿಯವರು ಎರಡು ಬೇರೆ ಬೇರೆ ದಾರಿ ಅಂದರಲ್ಲ, ಮುಂಬೈನ ಪಾರ್ಸಿ ಕಟ್ಟಿದ ವೇದಿಕೆಯ ಮೇಲೆ ಕರಾಕಸ್‌ನವರು ಬಂದು ನಿಂತರು.

ಇಷ್ಟೆಲ್ಲ ಆಗಿ, 2024ರಲ್ಲಿ ಅಮೆರಿಕನ್ ಯೂತ್ ಸಿಂಫನಿ ಮುಚ್ಚಿತು. ಅರವತ್ತು ವರ್ಷದ ಸಂಸ್ಥೆ. ಕೋವಿಡ್ ನಂತರ ಹಣ ಹೊಂದಿಸುವುದು ಕಷ್ಟವಾಯಿತು. ಸುದ್ದಿ ಓದಿದ ದಿನ ನನಗೆ ತುಂಬಾ ಬೇಸರವಾಯಿತು. ಹುಡುಗರಿಂದ ದುಡ್ಡು ತೆಗೆದುಕೊಳ್ಳುವುದಿಲ್ಲ ಅನ್ನುವುದೇ ಅದರ ದೊಡ್ಡತನ, ಅದರಿಂದಲೇ ಪೂರ್ತಿ ದಾನದ ಮೇಲೆ ನಿಲ್ಲಬೇಕಾಯಿತು. ಯೋಲಾ ಹಿಂದೆ ದೊಡ್ಡ ಫಿಲ್ಹಾರ್ಮೋನಿಕ್ ಇದೆ. ಸ್ಯಾನ್ ಫ್ರಾನ್ಸಿಸ್ಕೊದ ಯುವ ಆರ್ಕೆಸ್ಟ್ರಾ ಹಿಂದೆ ಅಲ್ಲಿನ ಸಿಂಫನಿ ಇದೆ. ಇದರ ಹಿಂದೆ ಅಂಥ ಸಂಸ್ಥೆ ಇರಲಿಲ್ಲ.

ಅದರಿಂದ ಮೆಹ್ಲಿ ಕೆಲಸ ವ್ಯರ್ಥವಾಯಿತು ಅಂತ ನಾನು ಒಪ್ಪುವುದಿಲ್ಲ. ಅವರ ಬಳಿ ನುಡಿಸಿದವರಲ್ಲಿ ಎಷ್ಟೋ ಜನ ಈಗ ತಾವೇ ಗುರುಗಳು. ಮುಂಬೈನಲ್ಲೂ 1995ರಲ್ಲಿ ಅವರ ಹೆಸರಿನಲ್ಲಿ ಒಂದು ಪ್ರತಿಷ್ಠಾನ ಶುರುವಾಗಿ ಮಕ್ಕಳಿಗೆ ಸಂಗೀತ ಕಲಿಸುತ್ತಿದೆ.

ಫ್ರೀಮಾಂಟ್ ಅಮ್ಮ:

ಸ್ಯಾನ್ ಫ್ರಾನ್ಸಿಸ್ಕೊ ಮಾತು ಬಂದದ್ದಕ್ಕೆ ಇದೊಂದು ಸೇರಿಸುತ್ತೇನೆ. ಆ ಯುವ ಆರ್ಕೆಸ್ಟ್ರಾವನ್ನು 1981ರಲ್ಲಿ ಕಟ್ಟಿದ ಮೊದಲ ಸಂಗೀತ ನಿರ್ದೇಶಕ ಜಾಹ್ಯಾ ಲಿಂಗ್, ಜಕಾರ್ತಾದಲ್ಲಿ ಹುಟ್ಟಿದವರು. ಕ್ಲೀವ್‌ಲ್ಯಾಂಡ್‌ಗೆ ಹೋಗಿ 1986ರಲ್ಲಿ ಅಲ್ಲೂ ಯುವ ಆರ್ಕೆಸ್ಟ್ರಾ ಕಟ್ಟಿದರು. ಆಮೇಲೆ ಸ್ಯಾನ್ ಡಿಯಾಗೊ ಸಿಂಫನಿ. ಅವರ ನಂತರ ಅಲ್ಲಿಗೆ ಬಂದವರೇ ಮೇಲೆ ಹೇಳಿದ ಪಯಾರೆ. ದೊಡ್ಡ ಆರ್ಕೆಸ್ಟ್ರಾದ ಸಹಾಯಕ ಕಂಡಕ್ಟರ್‌ಗೆ ಯುವ ಆರ್ಕೆಸ್ಟ್ರಾ ಜವಾಬ್ದಾರಿ ಕೊಡುವುದು ಅಮೆರಿಕದಲ್ಲಿ ಮಾಮೂಲು. ಮೆಟ್ಟಿಲು ಅಂತ ಬಂದವರೂ ಮನಸ್ಸಿಟ್ಟು ಕೆಲಸ ಮಾಡಿದರೆ ಅವರು ಹೋದ ಮೇಲೂ ಮೆಟ್ಟಿಲು ಉಳಿಯುತ್ತದೆ ಅನ್ನುವುದಕ್ಕೆ ಲಿಂಗ್ ಸಾಕ್ಷಿ. ಅವರು ಕಟ್ಟಿದ ಎರಡೂ ಇವತ್ತಿಗೂ ನಡೆಯುತ್ತಿವೆ.

ಪಿಯುಸಿ ಪಿಯಾನೊ:

ಎಲ್ಲರಿಗೂ ನಮಸ್ತೆ. ನಾನು ಬೆಂಗಳೂರಿನಲ್ಲಿ ಸೆಕೆಂಡ್ ಪಿಯುಸಿ ಓದುತ್ತಿದ್ದೇನೆ. ಪಿಯಾನೊ ಗ್ರೇಡ್ ಪರೀಕ್ಷೆಗಳು ಮುಗಿಯುತ್ತಾ ಬಂದಿವೆ. ಕಂಡಕ್ಟರ್ ಆಗಬೇಕು ಅಂತ ಆಸೆ, ಅದರಲ್ಲೂ ಯುವ ಆರ್ಕೆಸ್ಟ್ರಾ ನಡೆಸಬೇಕು ಅಂತ ಆಸೆ. ಮನೆಯಲ್ಲಿ "ಮೊದಲು ಇಂಜಿನಿಯರಿಂಗ್ ಮುಗಿಸು" ಅಂತಾರೆ. ನಮ್ಮ ಊರಿನಲ್ಲಿ ಇದ್ದುಕೊಂಡು ಎಲ್ಲಿಂದ ಶುರು ಮಾಡಬಹುದು? ದಯವಿಟ್ಟು ಹೇಳಿ.

ಸ್ಕೋರ್ ಮೇಷ್ಟ್ರು:

ತಮ್ಮಾ, ನಾನು ಬೆಂಗಳೂರಿನಲ್ಲೇ ಪಾಶ್ಚಾತ್ಯ ಸಂಗೀತ ಪಾಠ ಹೇಳುವವನು. ಈ ಚರ್ಚೆ ಮೊದಲಿನಿಂದ ಓದುತ್ತಿದ್ದೆ, ನಿನ್ನ ಪ್ರಶ್ನೆ ನೋಡಿ ಬರೆಯಬೇಕು ಅನ್ನಿಸಿತು.

ಮೊದಲು, ಪಿಯಾನೊ ಬಿಡಬೇಡ, ಆದರೆ ಜೊತೆಗೆ ಒಂದು ಆರ್ಕೆಸ್ಟ್ರಾ ವಾದ್ಯ ಕಲಿ. ವಯಲಿನ್ ಆದರೆ ಮೇಷ್ಟ್ರು ಸುಲಭವಾಗಿ ಸಿಗುತ್ತಾರೆ, ವಿಯೋಲಾ ಆದರೆ ತಂಡ ಸುಲಭವಾಗಿ ಸಿಗುತ್ತದೆ. ಬೇರೆಯವರ ಬೇಟನ್ ಕೆಳಗೆ ಕೂತು ನುಡಿಸದೆ, ಹುಡುಗರಿಗೆ ಯಾವ ಜಾಗದಲ್ಲಿ ಕೈ ನಡುಗುತ್ತದೆ ಅಂತ ಗೊತ್ತಾಗುವುದಿಲ್ಲ. ಮೇಲೆ ಬರೆದ ಹೆಸರುಗಳನ್ನೇ ನೋಡು. ಮೆಹ್ಲಿ ಹಾಲೆಯಲ್ಲಿ ಕೂತರು, ಪಯಾರೆ ಹಾರ್ನ್ ಸಾಲಿನಲ್ಲಿ ಕೂತರು. ಸೈಮನ್ ರ್‍ಯಾಟಲ್ ಬ್ರಿಟನ್ನಿನ ರಾಷ್ಟ್ರೀಯ ಯುವ ಆರ್ಕೆಸ್ಟ್ರಾದಲ್ಲಿ ತಾಳವಾದ್ಯ ನುಡಿಸುತ್ತಿದ್ದರು.

ಎರಡನೆಯದು, ರಿಹರ್ಸಲ್ ನೋಡು. ಕಛೇರಿಯಲ್ಲಿ ಕಂಡಕ್ಟರ್ ಕೆಲಸ ಮುಗಿದಿರುತ್ತದೆ, ಕಲಿಯುವುದಕ್ಕೆ ಇರುವುದು ರಿಹರ್ಸಲ್‌ನಲ್ಲಿ. ಜುಬಿನ್ ಮತ್ತು ಕ್ಲಾಡಿಯೊ ಅಬ್ಬಾಡೊ ವಿಯೆನ್ನಾದಲ್ಲಿ ಒಟ್ಟಿಗೆ ಓದುತ್ತಿದ್ದಾಗ ದೊಡ್ಡವರ ರಿಹರ್ಸಲ್ ನೋಡಲು ಹೊರಗಿನವರನ್ನು ಬಿಡುತ್ತಿರಲಿಲ್ಲ. ಇಬ್ಬರೂ ಗಾಯನವೃಂದಕ್ಕೆ ಸೇರಿಕೊಂಡು ಒಳಗೆ ಹೋದರು. ಹಾಡುತ್ತಲೇ ಕಂಡಕ್ಟರ್‌ನ ಕೈ ನೋಡಿದರು. ಆ ಅಬ್ಬಾಡೊ ಮುಂದೆ ಯುರೋಪಿನ ಯುವ ಆರ್ಕೆಸ್ಟ್ರಾಗಳನ್ನು ಕಟ್ಟಿದವರು, ಕರಾಕಸ್‌ಗೂ ಹೋಗಿ ಆ ಹುಡುಗರ ಜೊತೆ ಕೆಲಸ ಮಾಡಿದವರು. ಬೆಂಗಳೂರಿನಲ್ಲಿ ಒಳ್ಳೆಯ ಗಾಯನವೃಂದಗಳಿವೆ, ಚರ್ಚುಗಳಲ್ಲಿವೆ, ಹೊರಗೂ ಇವೆ. ಒಂದಕ್ಕೆ ಸೇರು. ಪಿಯಾನೊ ಬರುವವನು ಅಂದರೆ ಕೈ ಹಿಡಿದು ಕರೆದುಕೊಳ್ಳುತ್ತಾರೆ. ಕೆಲವು ತಿಂಗಳಾದ ಮೇಲೆ ಒಂದು ಸಣ್ಣ ಹಾಡಿನ ತಾಲೀಮು ನೀನೇ ನಡೆಸುತ್ತೇನೆ ಅಂತ ಕೇಳು.

ಇಂಡಿಯಾದಲ್ಲಿ ಎಲ್ಲಿ ಅಂತ ಕೇಳಿದರೆ, ಮುಂಬೈನ ಎನ್‌ಸಿಪಿಎ ಅನ್ನುವ ಕಲಾಕೇಂದ್ರದಲ್ಲಿ 2006ರಲ್ಲಿ ಶುರುವಾದ ಸಿಂಫನಿ ಆರ್ಕೆಸ್ಟ್ರಾ ಆಫ್ ಇಂಡಿಯಾ ಇದೆ, ಅವರು ಮಕ್ಕಳಿಗೂ ಕಲಿಸುತ್ತಾರೆ. ಗೋವಾದಲ್ಲಿ ಚೈಲ್ಡ್ಸ್ ಪ್ಲೇ ಇಂಡಿಯಾ ಫೌಂಡೇಶನ್ ಇದೆ, ಎಲ್ ಸಿಸ್ತೆಮಾ ಪ್ರೇರಣೆಯಿಂದ ಬಡ ಮಕ್ಕಳಿಗೆ ಆರ್ಕೆಸ್ಟ್ರಾ ವಾದ್ಯ ಕಲಿಸುವವರು. ಚೆನ್ನೈನಲ್ಲಿ ಎ.ಆರ್. ರೆಹಮಾನ್ ಅವರ ಸನ್‌ಶೈನ್ ಆರ್ಕೆಸ್ಟ್ರಾ ಇದೆ. ನಮ್ಮಲ್ಲಿ ಬೆಂಗಳೂರು ಸ್ಕೂಲ್ ಆಫ್ ಮ್ಯೂಸಿಕ್ 1987ರಿಂದ ಇದೆ. ರಜೆಯಲ್ಲಿ ಹೋಗಿ ನೋಡು, ಕುರ್ಚಿ ಜೋಡಿಸುವ ಕೆಲಸ ಕೊಟ್ಟರೂ ಮಾಡು.

ಕಂಡಕ್ಟಿಂಗ್ ಅಂತಲೇ ಓದಲು ಕೊನೆಗೆ ಹೊರದೇಶಕ್ಕೆ ಹೋಗಬೇಕಾಗಬಹುದು. ಮನೆಯವರ ಭಯ ಸುಳ್ಳಲ್ಲ, ಇದರಲ್ಲಿ ಆದಾಯ ನಿಧಾನ, ಪಾಠ ಹೇಳುವುದನ್ನೂ ಜೊತೆಗೆ ಇಟ್ಟುಕೊಳ್ಳಬೇಕು. ಅಪ್ಪನಿಗೆ ಇದನ್ನು ಮುಚ್ಚಿಡಬೇಡ. ಇಂಜಿನಿಯರಿಂಗ್ ಓದುತ್ತಲೇ ನಾಲ್ಕು ವರ್ಷ ಇವೆಲ್ಲ ಮಾಡಲು ಆಗುತ್ತದೆ.

ಪಿಯುಸಿ ಪಿಯಾನೊ:

ತುಂಬಾ ಥ್ಯಾಂಕ್ಸ್ ಸಾರ್. ಇಷ್ಟು ವಿವರವಾಗಿ ಯಾರೂ ಹೇಳಿರಲಿಲ್ಲ. ಸ್ಕೋರ್ (ಎಲ್ಲ ವಾದ್ಯಗಳ ಸ್ವರ ಒಟ್ಟಿಗೆ ಬರೆದ ಪುಸ್ತಕ) ಓದುವುದನ್ನು ಯಾವ ಕೃತಿಯಿಂದ ಶುರು ಮಾಡಲಿ? ಮಾಹ್ಲರ್ ತೆರೆದು ನೋಡಿದೆ, ಅಷ್ಟು ಸಾಲುಗಳಲ್ಲಿ ಕಣ್ಣು ಎಲ್ಲಿಡಬೇಕು ಅಂತಲೇ ಗೊತ್ತಾಗಲಿಲ್ಲ.

ಸ್ಕೋರ್ ಮೇಷ್ಟ್ರು:

ಮಾಹ್ಲರ್ ಆಮೇಲೆ. ಹೈಡನ್‌ನ 104ನೇ ಸಿಂಫನಿ ತೆಗೆದುಕೋ, ಸ್ಕೋರ್ ಇಂಟರ್ನೆಟ್ಟಿನಲ್ಲಿ ಉಚಿತವಾಗಿ ಸಿಗುತ್ತದೆ. ರೆಕಾರ್ಡಿಂಗ್ ಇನ್ನೂ ಹಾಕಬೇಡ. ಮೊದಲ ಭಾಗದ ಮೊದಲ ಎರಡು ಪುಟ ಸಾಕು. ಮೊದಲ ವಯಲಿನ್ ಸಾಲು ಹಾಡು. ಆಮೇಲೆ ಎರಡನೇ ವಯಲಿನ್ ಸಾಲು, ಅದು ಬೇಜಾರು ಅನ್ನಿಸಿದರೂ ಹಾಡು. ವಿಯೋಲಾ ಸಾಲು ಆಲ್ಟೊ ಕ್ಲೆಫ್‌ನಲ್ಲಿ ಇರುತ್ತದೆ, ಅದನ್ನು ಪಿಯಾನೊದಲ್ಲಿ ನಿಧಾನವಾಗಿ ನುಡಿಸಿ ರೂಢಿ ಮಾಡಿಕೋ. ಬಾಸ್ ಸಾಲು ಎಡಗೈಯಲ್ಲಿ, ಉಳಿದ ಮೂರರಲ್ಲಿ ಯಾವುದಾದರೂ ಒಂದು ಬಲಗೈಯಲ್ಲಿ, ಇನ್ನೊಂದನ್ನು ಬಾಯಲ್ಲಿ. ಇಷ್ಟು ಆದ ಮೇಲೆ ಇಲ್ಲೇ ಬರಿ, ಗಾಳಿವಾದ್ಯಗಳ ಸಾಲು ಹೇಗೆ ಓದುವುದು ಅಂತ ಹೇಳುತ್ತೇನೆ.